ದಾಸವಾಳ ಬಿಡಿಸಿ, ಬೆಂಡೆಕಾಯಿ ಕತ್ತರಿಸಿ: ಹೂವಿನ ಪಾಠ ಹೀಗೆ ಮಾಡಿ

ಹೂವಿನ ಚಿತ್ರ ಬೋರ್ಡ್ ಮೇಲೆ ಬರೆದು, ಬಾಣ ಎಳೆದು, ಹೆಸರು ಬರೆಸುವುದು ಸುಲಭ. ಪರೀಕ್ಷೆ ಮುಗಿದ ಮೇಲೂ ಅದು ಮಕ್ಕಳಿಗೆ ನೆನಪಿರಬೇಕಲ್ವಾ? ಹೂವನ್ನೇ ಕೈಗೆ ಕೊಟ್ಟುಬಿಡಿ. ಮೊದಲು ಬಿಡಿಸಲಿ, ಹೆಸರು ಆಮೇಲೆ ಹೇಳಿದರಾಯಿತು.

ಇಬ್ಬರಿಗೆ ಒಂದು ದಾಸವಾಳ, ಒಂದು ಗುಂಡುಪಿನ್ನು, ಬಿಳಿ ಹಾಳೆ, ಸೆಲ್ಲೋ ಟೇಪ್ ಇದ್ದರೆ ಸಾಕು. ತರಗತಿಗೆ ಒಂದೆರಡು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಬ್ಲೇಡ್ ಮಾತ್ರ ಟೀಚರ್ ಕೈಯಲ್ಲೇ ಇರಲಿ.

ಹೂವು ಆರಿಸುವಾಗ ಸ್ವಲ್ಪ ಎಚ್ಚರ ಬೇಕು. ಐದೇ ದಳದ ಸಾದಾ ದಾಸವಾಳ ತರಿಸಿ. ಮುದ್ದೆ ದಾಸವಾಳದಲ್ಲಿ ಕೇಸರಗಳೇ (ಹೂವಿನ ಗಂಡು ಭಾಗಗಳು) ದಳಗಳಾಗಿ ಬದಲಾಗಿರುತ್ತವೆ, ಲೆಕ್ಕ ತಪ್ಪುತ್ತದೆ. ಸಾದಾ ದಾಸವಾಳ ಹೆಚ್ಚಾಗಿ ಒಂದೇ ದಿನದ ಹೂವು, ಹಾಗಾಗಿ ಪಾಠ ಬೆಳಗಿನ ಪೀರಿಯಡ್‌ನಲ್ಲೇ ಇರಲಿ. ದತ್ತೂರಿ ಹೂವು ದೊಡ್ಡದು, ಬಿಡಿಸಲೂ ಸುಲಭ. ಆದರೆ ಅದು ವಿಷದ ಗಿಡ, ಕಣಗಿಲೆಯೂ ಅಷ್ಟೇ. ಎರಡೂ ಬೇಡ.

ಹೆಜ್ಜೆ 1: ಹೊರಗಿನಿಂದ ಶುರು ಮಾಡಿ. ತೊಟ್ಟಿನ ಹತ್ತಿರ ಸಣ್ಣ ಹಸಿರು ಎಸಳುಗಳ ಒಂದು ಸುತ್ತು ಇರುತ್ತದೆ. ಎಣಿಸಲು ಹೇಳಿ. ಎಲ್ಲರ ಲೆಕ್ಕ ಒಂದೇ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಎಲ್ಲ ಹೂವಿನಲ್ಲೂ ಇಂಥ ಸುತ್ತು ಇರುವುದಿಲ್ಲ. ಅದರ ಮೇಲೆ ಐದು ತುದಿಗಳ ಹಸಿರು ಬಟ್ಟಲು ಇದೆ. ಅವು ಬುಡದಲ್ಲಿ ಕೂಡಿಕೊಂಡ ಐದು ಪುಷ್ಪಪತ್ರಗಳು. ಮೊಗ್ಗನ್ನು ಕಾಯುವುದು ಇವುಗಳ ಕೆಲಸ. ಒಂದು ಮೊಗ್ಗನ್ನೂ ತಂದಿದ್ದರೆ ಹೇಳುವುದೇ ಬೇಡ, ತೋರಿಸಿದರೆ ಸಾಕು.

ಹೆಜ್ಜೆ 2: ಬಟ್ಟಲನ್ನು ಹರಿದು ತೆಗೆದು ದಳಗಳನ್ನು ಮೆಲ್ಲಗೆ ಎಳೆಯಲಿ. ಇಲ್ಲೊಂದು ತಮಾಷೆ ಇದೆ. ದಳಗಳ ಜೊತೆ ನಡುವಿನ ಕೋಲೂ ಅಲ್ಲಾಡುತ್ತದೆ, ಏಕೆಂದರೆ ಎರಡೂ ಬುಡದಲ್ಲಿ ಅಂಟಿಕೊಂಡಿವೆ. ಜೋರಾಗಿ ಎಳೆದವರ ಹೂವು ಹರಿಯುತ್ತದೆ. ಹರಿಯಲಿ ಬಿಡಿ, ಅಂಟಿಕೊಂಡಿರುವುದು ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಹೆಜ್ಜೆ 3: ಇಡೀ ಪಾಠದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ನಡುವಿನ ಕೋಲು ನಿಜವಾಗಿ ಕೋಲಲ್ಲ, ಕೊಳವೆ. ಕೇಸರಗಳೆಲ್ಲ ಕೂಡಿಕೊಂಡು ಆದ ಕೊಳವೆ ಅದು. ಅದರ ಮೈಮೇಲೆ ಹಳದಿ ಪುಡಿಯ ಪರಾಗಕೋಶಗಳು. ಬೆರಳಿಗೆ ಅಂಟಿದ ಪರಾಗವನ್ನು ಭೂತಗನ್ನಡಿಯಲ್ಲಿ ನೋಡಲಿ. ದಾಸವಾಳದ ಪರಾಗ ದಪ್ಪ, ಒಂದೊಂದು ಕಾಳೂ ಬೇರೆ ಬೇರೆಯಾಗಿ ಕಾಣುತ್ತದೆ. ಈಗ ಗುಂಡುಪಿನ್ನಿನಿಂದ ಕೊಳವೆಯನ್ನು ಬುಡದಿಂದ ಮೇಲಕ್ಕೆ ಸೀಳಿ. ಒಳಗೆ ನೂಲಿನಂಥ ಬಿಳಿ ಎಳೆ ಸಿಗುತ್ತದೆ. ಅದೇ ಶಲಾಕಾನಳಿಕೆ, ಹೂವಿನ ಹೆಣ್ಣು ಭಾಗ. ಕೊಳವೆಯ ತುದಿಯಿಂದ ಹೊರಗೆ ಇಣುಕುವ ಐದು ಸಣ್ಣ ಗುಂಡುಗಳು ಶಲಾಕಾಗ್ರಗಳು, ಪರಾಗ ಬಂದು ಕೂರುವ ಜಾಗ. ಗಂಡು ಭಾಗದ ಒಳಗಿನಿಂದಲೇ ಹೆಣ್ಣು ಭಾಗ ಹಾದುಹೋಗುತ್ತದೆ ಎಂಬುದು ಚಿತ್ರ ನೋಡಿದರೆ ಅಷ್ಟು ಬೇಗ ಹೊಳೆಯುವುದಿಲ್ಲ.

ಹೆಜ್ಜೆ 4: ಆ ಬಿಳಿ ಎಳೆಯ ಬುಡದಲ್ಲಿರುವ ಅಂಡಾಶಯವನ್ನು ಟೀಚರ್ ಅಡ್ಡಕ್ಕೆ ಕತ್ತರಿಸಲಿ. ಐದು ಕೋಣೆಗಳಿವೆ, ಆದರೆ ತೀರಾ ಸಣ್ಣವು. ಹಿಂದಿನ ಬೆಂಚಿನವರಿಗೆ ಏನೂ ಕಾಣಿಸುವುದಿಲ್ಲ. ಆಗ ಬೆಂಡೆಕಾಯಿ ಹೊರಗೆ ತೆಗೆಯಿರಿ! ಬೆಂಡೆ, ದಾಸವಾಳ ಒಂದೇ ಕುಟುಂಬದ ಗಿಡಗಳು. ಕಾಯಿಯ ಮೇಲಿನ ಏಣುಗಳನ್ನು ಎಣಿಸಿಸಿ, ಆಮೇಲೆ ಅಡ್ಡಕ್ಕೆ ಕತ್ತರಿಸಿ. ಸಾಮಾನ್ಯವಾಗಿ ಐದು ಏಣು, ಐದು ಕೋಣೆ, ಒಳಗೆ ಬೀಜಗಳ ಸಾಲು. ಹೂವಿನ ಅಂಡಾಶಯ ಬೆಳೆದರೆ ಕಾಯಿ, ಅದರೊಳಗಿನ ಅಂಡಕ ಬೆಳೆದರೆ ಬೀಜ ಎಂದು ಈಗ ಹೇಳಿ. ‘ಹಾಗಾದ್ರೆ ನಮ್ಮನೆ ದಾಸವಾಳ ಯಾಕೆ ಕಾಯಿ ಬಿಡಲ್ಲ?’ ಎಂದು ಯಾರಾದರೂ ಕೇಳಿದರೆ ಪಾಠ ಗೆದ್ದ ಹಾಗೆ. ತೋಟದ ದಾಸವಾಳ ಕಾಯಿ ಕಟ್ಟುವುದು ಅಪರೂಪ, ಅದಕ್ಕೇ ಕಡ್ಡಿ ನೆಟ್ಟು ಬೆಳೆಸುತ್ತೇವೆ.

ಹೆಜ್ಜೆ 5: ಬಿಡಿಸಿದ್ದನ್ನೆಲ್ಲ ಹೊರಗಿನಿಂದ ಒಳಕ್ಕೆ ಇದ್ದ ಕ್ರಮದಲ್ಲೇ ಹಾಳೆಗೆ ಅಂಟಿಸಿ, ಹೆಸರು ಬರೆಯಲಿ.

ಮರುದಿನಕ್ಕೆ ಕುಂಬಳದ ಹೂವು ತರಿಸಿ. ಅದರಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ದಳದ ಕೆಳಗೆ ಪುಟ್ಟ ಹೀಚು ಇದ್ದರೆ ಹೆಣ್ಣು. ಹಳ್ಳಿ ಮಕ್ಕಳಿಗೆ ಇದನ್ನು ನೀವು ಹೇಳಬೇಕಾಗಿಲ್ಲ, ಅವರೇ ನಿಮಗೆ ಹೇಳುತ್ತಾರೆ. ಚೆಂಡು ಹೂವನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಅದು ಒಂದು ಹೂವಲ್ಲ, ಪುಟ್ಟ ಹೂವುಗಳ ಗೊಂಚಲು. ಶುರುವಿನಲ್ಲೇ ತಂದರೆ ಗೊಂದಲ.

ಉಳಿದ ಕೆಂಪು ದಳಗಳನ್ನು ಸುಮ್ನೆ ಎಸೆಯಬೇಡಿ. ಬಿಸಿ ನೀರಿನಲ್ಲಿ ನೆನೆಸಿಟ್ಟರೆ ಬಣ್ಣ ಬಿಡುತ್ತದೆ. ಆ ನೀರಿಗೆ ನಿಂಬೆರಸ ಹಾಕಿದರೆ ಗಾಢ ಗುಲಾಬಿ, ಅಡುಗೆ ಸೋಡಾ ಹಾಕಿದರೆ ಹಸಿರು. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಆಯಿತು.