ಹಳೆಯ ವೆಲ್ಡಿಂಗ್ ರೋಬೋ, ಕೈಕೊಟ್ಟ ಅರ್ತಿಂಗ್

ಪೀಣ್ಯದಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುವ ಶೆಡ್ಡಿನಲ್ಲಿ ಆರು ಆಕ್ಸಿಸ್‌ನ ಒಂದು ಹಳೆಯ ವೆಲ್ಡಿಂಗ್ ರೋಬೋ ಇದೆ. ಅದರ ಎದುರಿಗೆ ಎರಡು ತಿರುಗುವ ಟೇಬಲ್. ಎ ಟೇಬಲ್ಲಿನಲ್ಲಿ ವೆಲ್ಡ್ ನಡೆಯುವಾಗ ಬಿ ಟೇಬಲ್ಲಿಗೆ ಜಾಬ್ (ಮುಂದೆ ವೆಲ್ಡ್ ಆಗಬೇಕಾದ ತುಂಡು) ಹಾಕುತ್ತಾರೆ. 3 ಎಂಎಂ ಶೀಟಿನ ಬ್ರಾಕೆಟ್, 1.2 ಎಂಎಂ ವೈರ್, ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20ರ ಮಿಕ್ಸ್ ಗ್ಯಾಸ್, ಸುಮಾರು 220 ಆಂಪಿಯರ್, 24 ವೋಲ್ಟ್. ವರ್ಷಗಟ್ಟಲೆ ಇದೇ ಸೆಟ್ಟಿಂಗ್‌ನಲ್ಲಿ ಓಡಿದ ಮೆಷಿನ್ನು.

ಆಮೇಲೆ ರಿಜೆಕ್ಷನ್ ಶುರುವಾಯಿತು. ಬೀಡ್ (ಕರಗಿ ಗಟ್ಟಿಯಾದ ವೆಲ್ಡ್ ಗೆರೆ) ಉಬ್ಬಿಕೊಂಡು ಕೂರುತ್ತಿತ್ತು, ಅಂಚು ಶೀಟಿನೊಳಗೆ ಬೆರೆಯುತ್ತಿರಲಿಲ್ಲ, ಸುತ್ತಲೂ ಸ್ಪ್ಯಾಟರ್, ಅಂದರೆ ಸಿಡಿದ ಲೋಹದ ಹನಿಗಳು. ಪ್ರೋಗ್ರಾಂ ತೆರೆದು ಹಳೆಯ ಬ್ಯಾಕಪ್ ಜೊತೆ ಹೋಲಿಸಿದರೆ, ಒಂದೊಂದು ಶಿಫ್ಟಿನವರು ಒಂದೊಂದು ಸೀಮಿಗೆ (ವೆಲ್ಡ್ ಆಗುವ ಜೋಡಣೆಗೆ) ವೋಲ್ಟೇಜ್ ಏರಿಸುತ್ತಾ ಹೋಗಿದ್ದರು. ಕೆಲವು ಕಡೆ 26 ದಾಟಿತ್ತು. ಅವರನ್ನು ದೂರುವಂತಿಲ್ಲ, ಪ್ರೊಡಕ್ಷನ್ ನಿಲ್ಲಬಾರದು ಅನ್ನುವ ಒತ್ತಡ ಅವರ ಮೇಲಿರುತ್ತದೆ. ಆದರೆ ನಿನ್ನೆಯವರೆಗೆ ಸರಿಯಿದ್ದ ಸೆಟ್ಟಿಂಗ್ ಇವತ್ತು ಕೆಲಸ ಮಾಡುತ್ತಿಲ್ಲವೆಂದರೆ ಮೆಷಿನ್ನಿನಲ್ಲಿ ಏನೋ ಸವೆದಿದೆ. ಅದನ್ನು ಹುಡುಕದೆ ವೋಲ್ಟೇಜ್ ಮುಟ್ಟಬಾರದು ಅನ್ನುವುದರಲ್ಲಿ ನಾನು ಹಟಮಾರಿ. ಎಲ್ಲ ಸೀಮನ್ನೂ ಬ್ಯಾಕಪ್‌ನಲ್ಲಿದ್ದ ಅಂಕಿಗಳಿಗೇ ತಂದು, ಅಲ್ಲಿಂದ ಹುಡುಕಲು ಶುರು ಮಾಡಿದೆ.

ದಾರಿ ತೋರಿಸಿದ್ದು ಬೆಳಗಿನ ಶಿಫ್ಟಿನ ಆಪರೇಟರ್. "ಸಾರ್, ಶುರುವಲ್ಲಿ ಎರಡೂ ಟೇಬಲ್ ಚೆನ್ನಾಗೇ ಬರುತ್ತೆ. ಒಂದು ಗಂಟೆ ಓಡಿದ ಮೇಲೆ ಬಿ ಕೈಕೊಡುತ್ತೆ" ಅಂದರು. ನಾನೂ ನಿಂತು ಕೇಳಿಸಿಕೊಂಡೆ. ಎ ಟೇಬಲ್ಲಿನಲ್ಲಿ ಆರ್ಕ್ ಒಂದೇ ಸಮನೆ ಚರಚರ ಅನ್ನುತ್ತಿತ್ತು. ಬಿ ಟೇಬಲ್ಲಿನಲ್ಲಿ ನಡುನಡುವೆ ಟಕ್ ಟಕ್ ಎಂದು ವೈರ್ ಹೋಗಿ ಶೀಟಿಗೆ ಗುದ್ದುತ್ತಿತ್ತು.

ರೋಬೋ, ಟಾರ್ಚ್, ವೈರ್, ಗ್ಯಾಸ್ ಎಲ್ಲವೂ ಎರಡು ಟೇಬಲ್ಲಿಗೂ ಒಂದೇ. ಆದರೂ ಸುಲಭವಾದದ್ದನ್ನು ಮೊದಲು ಮುಗಿಸಿಕೊಂಡೆ. ವೈರ್ ಹೊರಬರುವ ಟಿಪ್‌ನ ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು, ಬದಲಾಯಿಸಿದೆ. ನಾಝಲ್ ಬಾಯಿಗೆ ಫ್ಲೋಟ್ಯೂಬ್ ಹಿಡಿದು ಗ್ಯಾಸ್ ಅಳೆದೆ. ಸಿಲಿಂಡರ್ ಹತ್ತಿರದ ಮೀಟರ್ ನಿಮಿಷಕ್ಕೆ 15 ಲೀಟರ್ ತೋರಿಸಿದರೂ ದಾರಿಯಲ್ಲಿ ಓ-ರಿಂಗ್ ಹರಿದಿದ್ದರೆ ನಾಝಲ್‌ಗೆ ಅಷ್ಟು ತಲುಪುವುದಿಲ್ಲ. ಇಲ್ಲಿ ಸರಿಯಾಗಿಯೇ ಬರುತ್ತಿತ್ತು. ಬೀಡಿನಲ್ಲಿ ಬ್ಲೋಹೋಲ್ (ಗ್ಯಾಸ್ ಸಿಕ್ಕಿಕೊಂಡು ಆಗುವ ತೂತು) ಇಲ್ಲದ್ದರಿಂದ ಗ್ಯಾಸಿನ ಮೇಲೆ ನನಗೆ ಮೊದಲೇ ಅನುಮಾನ ಇರಲಿಲ್ಲ. ಟೇಬಲ್ ಮೇಲೆ ಜಾಬ್ ಹಿಡಿದಿಡುವ ಎರಡೂ ಫಿಕ್ಸ್ಚರ್‌ನಲ್ಲಿ ಜಾಬ್‌ನ ಗ್ಯಾಪನ್ನು ಫೀಲರ್ ಗೇಜ್ ಹಾಕಿ ನೋಡಿದೆ, ವ್ಯತ್ಯಾಸವಿಲ್ಲ.

ಇನ್ನು ಉಳಿದದ್ದು ಕರೆಂಟ್ ವಾಪಸ್ ಹೋಗುವ ದಾರಿ, ನಮ್ಮ ಮಾತಿನಲ್ಲಿ ಅರ್ತಿಂಗ್. ಟೇಬಲ್ ತಿರುಗುವುದರಿಂದ ಅರ್ತಿಂಗ್ ಕೇಬಲನ್ನು ನೇರ ಫಿಕ್ಸ್ಚರ್‌ಗೆ ಬಿಗಿಯಲು ಆಗುವುದಿಲ್ಲ. ಶಾಫ್ಟಿನ ಮೇಲಿನ ರಿಂಗಿಗೆ ಸ್ಪ್ರಿಂಗ್ ಒತ್ತಿ ಹಿಡಿದ ಬ್ರಷ್ (ರಿಂಗಿಗೆ ಉಜ್ಜುತ್ತಾ ಕರೆಂಟ್ ದಾಟಿಸುವ ತುಂಡು) ಮೂಲಕ ಕರೆಂಟ್ ಇಳಿಯಬೇಕು. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಉದ್ದನೆಯ ವೈರ್ ಎಳೆದು, ಒಂದು ತುದಿಯನ್ನು ಫಿಕ್ಸ್ಚರ್‌ಗೂ ಇನ್ನೊಂದನ್ನು ಪವರ್ ಸೋರ್ಸ್‌ನ ನೆಗೆಟಿವ್ ಟರ್ಮಿನಲ್‌ಗೂ ಸಿಕ್ಕಿಸಿ, ಫೆನ್ಸಿಂಗ್ ಆಚೆ ನಿಂತು ವೆಲ್ಡ್ ಓಡಿಸಿದೆ. ಆರ್ಕ್ ಉರಿಯುವಾಗಲೇ ಅಳೆಯಬೇಕು. ಮೆಷಿನ್ ನಿಲ್ಲಿಸಿ ಓಮ್ಸ್ ನೋಡಿದರೆ ಇಂಥ ದೋಷ ಸಿಗುವುದೇ ಇಲ್ಲ, ಮೀಟರ್ ಬಿಡುವ ಅಷ್ಟು ಸಣ್ಣ ಕರೆಂಟಿಗೆ ಎಲ್ಲ ಜಾಯಿಂಟೂ ಸರಿಯಾಗಿಯೇ ಕಾಣುತ್ತದೆ.

ಎ ಟೇಬಲ್ಲಿನಲ್ಲಿ ಅರ್ಧ ವೋಲ್ಟೂ ಇಲ್ಲ. ಬಿ ಟೇಬಲ್ಲಿನಲ್ಲಿ ಒಂದೂವರೆಯಿಂದ ಶುರುವಾಗಿ, ಬಿಸಿಯೇರಿದಂತೆ 3ರ ಹತ್ತಿರ ಹೋಗಿ ಅಲ್ಲೇ ಕುಣಿಯತೊಡಗಿತು. ಪವರ್ ಸೋರ್ಸ್ 24 ವೋಲ್ಟ್ ಕೊಡುತ್ತಿದ್ದರೂ ಆರ್ಕಿಗೆ ಸಿಗುತ್ತಿದ್ದದ್ದು 21. ವೈರ್ ಮಾತ್ರ ಅದೇ ವೇಗದಲ್ಲಿ ಬರುತ್ತಿರುತ್ತದೆ, ಆರ್ಕ್ ಕುಳ್ಳಾಗುತ್ತದೆ, ವೈರ್ ಕರಗುವ ಮೊದಲೇ ಶೀಟಿಗೆ ಮುಟ್ಟುತ್ತದೆ. ಬೀಡ್ ಉಬ್ಬಿದ್ದಕ್ಕೂ ಸ್ಪ್ಯಾಟರಿಗೂ ಇದೇ ಕಾರಣ. ಒಂದೊಂದೇ ಜಾಯಿಂಟ್ ದಾಟಿಸಿ ಅಳೆಯುತ್ತಾ ಬಂದಾಗ ಬಹುಪಾಲು ವೋಲ್ಟೇಜ್ ಬ್ರಷ್ ಮತ್ತು ರಿಂಗಿನ ನಡುವೆಯೇ ಕಳೆದುಹೋಗುತ್ತಿತ್ತು.

ಕವರ್ ಬಿಚ್ಚಿದಾಗ ಎಲ್ಲ ಕಣ್ಣೆದುರಿಗೇ ಇತ್ತು. ಬ್ರಷ್ ಹೋಲ್ಡರಿನ ಅಂಚಿನವರೆಗೂ ಸವೆದಿತ್ತು. ಸ್ಪ್ರಿಂಗ್ ಶಾಖಕ್ಕೆ ನೀಲಿಗಟ್ಟಿ ಬಿಗಿ ಕಳೆದುಕೊಂಡಿತ್ತು. ಬೆರಳಲ್ಲಿ ಒತ್ತಿದರೆ ವಾಪಸ್ ಚಿಮ್ಮಲಿಲ್ಲ. ರಿಂಗಿನ ಮೇಲೆ ಗ್ರೀಸೂ ಸ್ಪ್ಯಾಟರ್ ಪುಡಿಯೂ ಸೇರಿ ಕಪ್ಪಗೆ ಮೆತ್ತಿಕೊಂಡಿತ್ತು. ರಿಂಗನ್ನು ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ ಒರೆಸಿದೆ. ಬ್ರಷ್, ಸ್ಪ್ರಿಂಗ್ ಎರಡನ್ನೂ ಹೊಸದು ಹಾಕಿ, ಕೇಬಲ್ ಲಗ್ಗನ್ನು ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿದೆ. ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್, ಅರ್ಧ ವೋಲ್ಟಿಗಿಂತ ಕೆಳಗಿಳಿಯಿತು, 24 ವೋಲ್ಟಿನಲ್ಲೇ ಬೀಡ್ ಚಪ್ಪಟೆಯಾಗಿ ಕೂತಿತು.

ಹೊರಗಿನ ನೋಟ ನಂಬಿ ಬಿಡಲಿಲ್ಲ. ಎರಡೂ ಟೇಬಲ್ಲಿನ ಜಾಬ್‌ಗಳನ್ನು ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ನೈಟಲ್ (ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಸಿಡ್) ಹಚ್ಚಿ ನೋಡಿದೆವು. ಮೂಲೆಯ ರೂಟಿನವರೆಗೂ (ಜೋಡಣೆಯ ತೀರಾ ಒಳಗಿನ ಜಾಗದವರೆಗೂ) ಲೋಹ ಬೆರೆತ ಗಡಿ ಸ್ಪಷ್ಟವಾಗಿ ಎದ್ದು ಬಂತು. ಕೆಟ್ಟಿದ್ದಾಗಿನ ಒಂದು ತುಂಡನ್ನೂ ಪಕ್ಕದಲ್ಲಿಟ್ಟು ಕ್ವಾಲಿಟಿಯವರಿಗೆ ತೋರಿಸಿದೆ. ಅದರಲ್ಲಿ ರೂಟಿನ ಹತ್ತಿರ ಕೂದಲೆಳೆಯಂಥ ಕಪ್ಪು ಗೆರೆ ಹಾಗೇ ಉಳಿದಿತ್ತು. ಅಂಥ ಬ್ರಾಕೆಟ್ ಗಾಡಿಯ ಕೆಳಗೆ ಅದುರುತ್ತಾ ಓಡಾಡಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಈಗ ಪ್ರತಿ ಸೋಮವಾರ ಮೆಷಿನ್ ಬಿಸಿಯಾದ ಮೇಲೆ ಎರಡೂ ಟೇಬಲ್ಲಿನ ಡ್ರಾಪ್ ಅಳೆದು ಪ್ಯಾನೆಲ್ ಬಾಗಿಲಿನ ಕಾರ್ಡಿನಲ್ಲಿ ಬರೆಯುತ್ತೇವೆ. 1 ವೋಲ್ಟ್ ಮುಟ್ಟಿದರೆ ಬ್ರಷ್ ಬಿಚ್ಚಲೇಬೇಕು. ಬಿ ಟೇಬಲ್ಲಿನ ಬೇರಿಂಗ್ ತಿರುಗುವಾಗ ಸಣ್ಣಗೆ ಕರಕರ ಅನ್ನುತ್ತಿದೆ. ಬ್ರಷ್ ಬಿಟ್ಟ ಕರೆಂಟ್ ಅದರೊಳಗೆ ಹಾದು ಗುಂಡುಗಳನ್ನು ಸುಟ್ಟಿರಬೇಕು. ಮುಂದಿನ ಶಟ್‌ಡೌನ್‌ನಲ್ಲಿ ಅದನ್ನು ಬದಲಾಯಿಸಲು ಆರ್ಡರ್ ಹಾಕಿದ್ದೇನೆ.