ಗುಂಡಿ ಒತ್ತುವ ಮುನ್ನ ಕಲಿಯಬೇಕಾದ್ದು: ಇಮೇಜಿಂಗ್ ಟೆಕ್ನಾಲಜಿಸ್ಟ್ ಆಗುವುದು ಹೇಗೆ?

ಎಕ್ಸ್‌-ರೇ ತೆಗೆಯುವವರು ಬೇರೆ, ಅದನ್ನು ನೋಡಿ ವರದಿ ಬರೆಯುವವರು ಬೇರೆ. ವರದಿ ಬರೆಯುವ ರೇಡಿಯಾಲಜಿಸ್ಟ್ ವೈದ್ಯ ಪದವಿಯ ಮೇಲೆ ಮತ್ತಷ್ಟು ವರ್ಷ ಓದಿದವರು. ಚಿತ್ರ ತೆಗೆಯುವ ಟೆಕ್ನಾಲಜಿಸ್ಟ್‌ಗೆ ವೈದ್ಯ ಪದವಿ ಬೇಕಿಲ್ಲ. ಆದರೆ ಚಿತ್ರವೇ ಕೆಟ್ಟಿದ್ದರೆ ಎಂಥ ತಜ್ಞರೂ ಕೈಚೆಲ್ಲಬೇಕಾಗುತ್ತದೆ. ಇದನ್ನು ಬರೀ ಯಂತ್ರ ನಡೆಸುವ ಕೆಲಸವೆಂದುಕೊಂಡು ಬಂದವರು ಮೊದಲ ವರ್ಷದಲ್ಲೇ ತಬ್ಬಿಬ್ಬಾಗುತ್ತಾರೆ.

ಹೆಜ್ಜೆ 1: ಕೋರ್ಸ್ ಆಯ್ಕೆ

ಭೌತವಿಜ್ಞಾನ, ಜೀವವಿಜ್ಞಾನ ಎರಡನ್ನೂ ಓದಿದವರಿಗೆ ದಾರಿ ಸಲೀಸು. ಡಿಪ್ಲೊಮಾ, ಪದವಿ ಎರಡೂ ಇವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಸೇರುವ ಮುನ್ನ ಮೂರು ಪ್ರಶ್ನೆ ಕೇಳಿ. ಈ ಪದವಿಗೆ ವೃತ್ತಿ ನೋಂದಣಿ ಸಿಗುತ್ತದೆಯೇ? ಆಸ್ಪತ್ರೆಯಲ್ಲಿ ಎಷ್ಟು ಗಂಟೆ ತರಬೇತಿ? ಅಲ್ಲಿ ವಿದ್ಯಾರ್ಥಿಗಳು ಮೇಲ್ವಿಚಾರಣೆಯಲ್ಲಿ ತಾವೇ ಚಿತ್ರ ತೆಗೆಯುತ್ತಾರೋ, ಗೋಡೆಗೊರಗಿ ನೋಡುತ್ತಾರೋ? ಮೂರನೆಯದಕ್ಕೆ ತಡವರಿಸುವ ಕಾಲೇಜನ್ನು ಬಿಟ್ಟುಬಿಡಿ.

ಹೆಜ್ಜೆ 2: ಅಂಗರಚನೆಯನ್ನೂ ಭೌತವಿಜ್ಞಾನವನ್ನೂ ಜೊತೆಗೆ ಓದಿ

ಪಠ್ಯಕ್ರಮದಲ್ಲಿ ಇವು ಎರಡು ವಿಷಯ. ಚಿತ್ರದ ಮೇಲೆ ಒಂದೇ. ಎದೆಯ ಎಕ್ಸ್‌-ರೇಯನ್ನೇ ತೆಗೆದುಕೊಳ್ಳಿ. ರೋಗಿ ಎದೆಯನ್ನು ಡಿಟೆಕ್ಟರ್‌ಗೆ (ಕಿರಣ ಹಿಡಿದು ಚಿತ್ರವಾಗಿಸುವ ಫಲಕಕ್ಕೆ) ಒತ್ತಿ ನಿಲ್ಲಬೇಕು, ಕಿರಣ ಬೆನ್ನ ಕಡೆಯಿಂದ ಬರಬೇಕು, ಕಿರಣ ಹೊರಡುವ ಟ್ಯೂಬ್ ಸುಮಾರು 180 ಸೆಂಟಿಮೀಟರ್ ದೂರದಲ್ಲಿರಬೇಕು. ಏಕೆ? ಹೃದಯ ಇರುವುದು ಎದೆಯ ಮುಂಭಾಗಕ್ಕೆ ಹತ್ತಿರ. ದೀಪಕ್ಕೆ ಹತ್ತಿರ ಹಿಡಿದ ಕೈಯ ನೆರಳು ಗೋಡೆಯ ಮೇಲೆ ಊದಿಕೊಳ್ಳುವಂತೆ, ಡಿಟೆಕ್ಟರ್‌ನಿಂದ ದೂರ ಸರಿದ ಹೃದಯವೂ ದೊಡ್ಡದಾಗಿ ಕಾಣುತ್ತದೆ. ಹಾಸಿಗೆ ಹಿಡಿದ ರೋಗಿಗೆ ಮುಂದಿನಿಂದ ತೆಗೆದ ಚಿತ್ರದಲ್ಲಿ ಆಗುವುದು ಇದೇ.

ಭುಜ ಮುಂದಕ್ಕೆ ಬಾಗಿಸಿದರೆ ಹೆಗಲ ಮೂಳೆಗಳು ಶ್ವಾಸಕೋಶದ ಮೇಲಿಂದ ಸರಿಯುತ್ತವೆ. ಉಸಿರು ಪೂರ್ತಿ ಎಳೆದಿದ್ದರೆ ವಪೆಗಿಂತ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪದರಕ್ಕಿಂತ) ಮೇಲೆ ಹಿಂಬದಿಯ ಒಂಬತ್ತು-ಹತ್ತು ಪಕ್ಕೆಲುಬುಗಳನ್ನು ಎಣಿಸಬಹುದು. ಕೊರಳೆಲುಬುಗಳ ಒಳತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿಲ್ಲವೆಂದರೆ ರೋಗಿ ತಿರುಗಿ ನಿಂತಿದ್ದಾರೆ. ಪ್ರತಿ ಪೊಸಿಷನ್‌ಗೂ ಹೀಗೆ 'ಏಕೆ' ಎಂದು ಕೇಳುತ್ತ ಓದಿ. ಬಾಯಿಪಾಠ ಮಾಡಿದವರು ಮುರಿದ ಕೈಯನ್ನು ಚಾಚಲಾಗದ ರೋಗಿ ಬಂದಾಗ ಸಿಕ್ಕಿಬೀಳುತ್ತಾರೆ. ಕಾರಣ ಗೊತ್ತಿದ್ದವರು ಟ್ಯೂಬನ್ನೇ ತಿರುಗಿಸಿಕೊಳ್ಳುತ್ತಾರೆ.

ಹೆಜ್ಜೆ 3: ಎಕ್ಸ್‌ಪೋಷರ್ ಲೆಕ್ಕ

ಟ್ಯೂಬ್‌ಗೆ ಕೊಡುವ ಕಿಲೋವೋಲ್ಟ್ ಹೆಚ್ಚಿದಂತೆ ಕಿರಣ ಆಳಕ್ಕೆ ತೂರುತ್ತದೆ, ಕಪ್ಪು-ಬಿಳುಪಿನ ವ್ಯತ್ಯಾಸ ತಗ್ಗುತ್ತದೆ. ಎಂಎಎಸ್ (ಮಿಲಿಆಂಪಿಯರ್-ಸೆಕೆಂಡ್) ನಿರ್ಧರಿಸುವುದು ಕಿರಣಗಳ ಪ್ರಮಾಣವನ್ನು. ಕಿಲೋವೋಲ್ಟನ್ನು ಶೇ 15ರಷ್ಟು ಏರಿಸಿದರೆ ಎಂಎಎಸ್ ದುಪ್ಪಟ್ಟು ಮಾಡಿದಷ್ಟೇ ಪರಿಣಾಮ ಎಂಬುದು ಹಳಬರು ಹೇಳಿಕೊಡುವ ಸೂತ್ರ. ದೂರ ಎರಡರಷ್ಟಾದರೆ ಕಿರಣದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ.

ಇಲ್ಲೊಂದು ಮೋಸವಿದೆ. ಫಿಲ್ಮ್ ಕಾಲದಲ್ಲಿ ಡೋಸ್ (ತಗಲುವ ವಿಕಿರಣದ ಪ್ರಮಾಣ) ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ತಾನೇ ಬಯಲಾಗುತ್ತಿತ್ತು. ಡಿಜಿಟಲ್ ಯಂತ್ರ ಅದನ್ನು ಸರಿಪಡಿಸಿ ಅಂದವಾಗಿ ತೋರಿಸುತ್ತದೆ. ಡೋಸ್ ಕಡಿಮೆಯಾದರೆ ಮಾತ್ರ ಚುಕ್ಕೆಚುಕ್ಕೆಯ ಗದ್ದಲ. ಹೀಗಾಗಿ ಡೋಸ್ ಏರಿಸುವತ್ತ ಕೈ ತಾನಾಗಿಯೇ ಜಾರುತ್ತದೆ. ಚಿತ್ರ ಚೆನ್ನಾಗಿದೆ ಎಂದು ತೃಪ್ತರಾಗದೆ ಪರದೆಯಲ್ಲಿನ ಎಕ್ಸ್‌ಪೋಷರ್ ಇಂಡೆಕ್ಸ್ (ಡಿಟೆಕ್ಟರ್‌ಗೆ ಎಷ್ಟು ಕಿರಣ ತಲುಪಿತೆಂದು ಸೂಚಿಸುವ ಅಂಕಿ) ನೋಡುವ ಅಭ್ಯಾಸ ವಿದ್ಯಾರ್ಥಿ ದೆಸೆಯಲ್ಲೇ ಬರಬೇಕು.

ಹೆಜ್ಜೆ 4: ಸುರಕ್ಷತೆ

ವಿಕಿರಣದಿಂದ ರಕ್ಷಣೆಗೆ ಮೂರು ಸೂತ್ರ: ಕಡಿಮೆ ಸಮಯ, ಹೆಚ್ಚು ದೂರ, ಸೀಸದ ತಡೆ. ವಿಕಿರಣ ಕೆಲಸಗಾರರಿಗೆ ಅಂತರರಾಷ್ಟ್ರೀಯ ಶಿಫಾರಸಿನ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಡೋಸಿನ ಅಳತೆ). ಯಾವುದೇ ಒಂದು ವರ್ಷ 50 ಮೀರುವಂತಿಲ್ಲ. ಡೋಸ್ ಅಳೆಯುವ ಬ್ಯಾಡ್ಜ್ ಡ್ರಾಯರ್‌ನಲ್ಲಿದ್ದರೆ ಅದು ಅಳೆಯುವುದು ಡ್ರಾಯರ್‌ನ ಡೋಸನ್ನು.

ಎಂಆರ್‌ಐನಲ್ಲಿ ಎಕ್ಸ್‌-ರೇಯಂಥ ಅಯಾನೀಕರಿಸುವ ವಿಕಿರಣವಿಲ್ಲ, ಆದರೆ ಅಪಾಯ ಬೇರೆ ರೂಪದ್ದು. ಸ್ಕ್ಯಾನ್ ನಡೆಯದಿದ್ದಾಗಲೂ ಯಂತ್ರದ ಬಲವಾದ ಅಯಸ್ಕಾಂತ ಎಚ್ಚರವಾಗೇ ಇರುತ್ತದೆ. ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಒಳಗೆ ಬಂದರೆ ಅದು ಹಾರುವ ಗುಂಡು. ಪೇಸ್‌ಮೇಕರ್, ಮೆದುಳಿನ ರಕ್ತನಾಳದ ಕ್ಲಿಪ್, ಕಣ್ಣಿಗೆ ಸಿಡಿದ ಲೋಹದ ಚೂರು: ಇವನ್ನು ರೋಗಿ ತಾನಾಗಿ ಹೇಳುವವರೆಗೆ ಕಾಯಬಾರದು.

ಹೆಜ್ಜೆ 5: ರೋಗಿಯೊಡನೆ ಮಾತು

ಹೆಸರು, ಹುಟ್ಟಿದ ದಿನಾಂಕ ಎರಡನ್ನೂ ರೋಗಿಯ ಬಾಯಿಂದಲೇ ಹೇಳಿಸಿ. 'ನೀವು ಇಂಥವರೇ ತಾನೆ?' ಎಂದು ಕೇಳಿದರೆ ಕಿವಿ ಕೇಳಿಸದವರೂ ಹೌದೆನ್ನುತ್ತಾರೆ. ಗರ್ಭಿಣಿಯೇ ಎಂಬ ಪ್ರಶ್ನೆಯನ್ನು ಮುಜುಗರವಿಲ್ಲದೆ, ಖಾಸಗಿಯಾಗಿ ಕೇಳಲು ಕಲಿಯಿರಿ. ಎಡ-ಬಲದ ಗುರುತನ್ನು ಚಿತ್ರ ತೆಗೆಯುವಾಗಲೇ ಇಡಿ.

'ಏನಾದರೂ ಕಾಣಿಸಿತಾ?' ಎಂದು ಎಲ್ಲರೂ ಕೇಳುತ್ತಾರೆ. ರೋಗನಿರ್ಣಯ ಹೇಳುವುದು ನಿಮ್ಮ ಅಧಿಕಾರವಲ್ಲ. ಆದರೆ ಶ್ವಾಸಕೋಶ ಕುಸಿದದ್ದು ಪರದೆಯಲ್ಲಿ ಕಂಡರೆ ಸರದಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡಬೇಕು. ಅಷ್ಟನ್ನು ಗುರುತಿಸುವಷ್ಟು ರೋಗಶಾಸ್ತ್ರ ತಿಳಿದಿರಲೇಬೇಕು.

ಹೆಜ್ಜೆ 6: ಶಾಖೆ

ಸಿಟಿ, ಎಂಆರ್‌ಐ, ಮ್ಯಾಮೊಗ್ರಫಿ (ಸ್ತನದ ಎಕ್ಸ್‌-ರೇ), ನ್ಯೂಕ್ಲಿಯರ್ ಮೆಡಿಸಿನ್ (ದೇಹಕ್ಕೆ ವಿಕಿರಣಶೀಲ ಔಷಧ ಕೊಟ್ಟು ಚಿತ್ರ ತೆಗೆಯುವುದು) ಎಂದು ಕವಲುಗಳು ಹಲವು. ಮೊದಲು ಒಂದೆರಡು ವರ್ಷ ಸಾಮಾನ್ಯ ಎಕ್ಸ್‌-ರೇಯಲ್ಲಿ, ಅದರಲ್ಲೂ ರಾತ್ರಿ ಪಾಳಿಯ ತುರ್ತು ವಿಭಾಗದಲ್ಲಿ ಪಳಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅಡ್ಡಸೀಳಿಕೆಯ ಅಂಗರಚನೆ ಇಷ್ಟವಾದರೆ ಸಿಟಿ, ಭೌತವಿಜ್ಞಾನದ ಹುಚ್ಚಿದ್ದರೆ ಎಂಆರ್‌ಐ. ಅಲ್ಟ್ರಾಸೌಂಡ್ ಮಾಡುವ ಅಧಿಕಾರ ಕೆಲವು ದೇಶಗಳಲ್ಲಿ ವೈದ್ಯರಿಗಷ್ಟೇ ಇದೆ. ಆ ತರಬೇತಿಗೆ ಹಣ ಕಟ್ಟುವ ಮುನ್ನ ನೀವು ಕೆಲಸ ಮಾಡಬೇಕೆಂದಿರುವ ಕಡೆಯ ನಿಯಮ ವಿಚಾರಿಸಿಕೊಳ್ಳಿ.