ಬಿಸಿಯಾದಾಗ ಮಾತ್ರ ನಿಲ್ಲುತ್ತಿದ್ದ ಕಾರು

ನನ್ನ ಕಾರು 2004ರ ಮಾಡೆಲ್, ಪೆಟ್ರೋಲ್, ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್. ನಾವಿರುವುದು ಹಾಸನದಲ್ಲಿ, ಅತ್ತೆ ಮನೆ ಸಕಲೇಶಪುರದ ಆಚೆ. ತಿಂಗಳಿಗೆ ಎರಡು ಸಲವಾದರೂ ಆ ರಸ್ತೆ ಹಿಡಿಯಲೇಬೇಕು. ಹೋದ ವರ್ಷ ಬೇಸಿಗೆಯಲ್ಲಿ ಕಾಟ ಶುರುವಾಯಿತು. ಮುಕ್ಕಾಲು ಗಂಟೆ ಚೆನ್ನಾಗಿ ಓಡಿದ ಗಾಡಿ ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ನಿಂತುಬಿಡುತ್ತಿತ್ತು. ಬಾನೆಟ್ ಎತ್ತಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್.

ಮೊದಲ ಸಲ ನಿಂತಾಗ ಹಿಂದೆ ಲಾರಿ ಇತ್ತು. ಆ ಭಯ ಇನ್ನೂ ನೆನಪಿದೆ, ಅದಕ್ಕೇ ಇದನ್ನು ಮೊದಲು ಹೇಳಿಬಿಡುತ್ತೇನೆ. ಎಂಜಿನ್ ನಿಂತ ಮೇಲೆ, ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟು ಮಾತ್ರ ವ್ಯಾಕ್ಯೂಮ್ ಉಳಿದಿರುತ್ತದೆ. ಬಿಟ್ಟು ಬಿಟ್ಟು ತುಳಿದರೆ ಅದೂ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಹಾಗಾಗಿ ಇಂಡಿಕೇಟರ್ ಹಾಕಿ, ಓಡುತ್ತಿರುವ ವೇಗದಲ್ಲೇ ಎಡಕ್ಕೆ ತಂದು, ಬ್ರೇಕನ್ನು ಒಂದೇ ಸಲ ಒತ್ತಿ ಹಿಡಿಯಿರಿ. ಗಾಡಿ ಪೂರ್ತಿ ನಿಲ್ಲುವವರೆಗೂ ಕೀ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ.

ಆಮೇಲೆ ಗ್ಯಾರೇಜ್. ಮೊದಲು ಪ್ಲಗ್ ಮತ್ತು ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು. ಎರಡು ವಾರ ಸರಿ ಇತ್ತು, ಮತ್ತೆ ನಿಂತಿತು. ಪೆಟ್ರೋಲ್ ಪಂಪ್ ಹಾಕಿದರು. ಮೂರು ವಾರ ಚೆನ್ನಾಗಿತ್ತು. ಇಗ್ನಿಷನ್ ಕಾಯಿಲ್ ಹಾಕಿದರು, ಮತ್ತೆ ಅದೇ ಕಥೆ. ಒಟ್ಟು ಹದಿನಾಲ್ಕು ಸಾವಿರ ಹೋಯಿತು. ಅವರು ಮೋಸ ಮಾಡಲಿಲ್ಲ, ಅದು ನನಗೆ ಗೊತ್ತು. ಗ್ಯಾರೇಜಿಗೆ ಹೋದಾಗ ಗಾಡಿ ನಿಲ್ಲುತ್ತಲೇ ಇರಲಿಲ್ಲ, ನಿಲ್ಲದ ಗಾಡಿಯಲ್ಲಿ ಏನನ್ನು ಹುಡುಕುತ್ತಾರೆ ಪಾಪ. ಪ್ರತಿ ಸಲ ರಿಪೇರಿ ಆದ ಮೇಲೆ ಕೆಲವು ವಾರ ಯಾಕೆ ಸರಿ ಇರುತ್ತಿತ್ತು ಅನ್ನುವ ಪ್ರಶ್ನೆ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಉತ್ತರ ಸಿಕ್ಕಿದ್ದು ತೀರಾ ಕೊನೆಗೆ.

ಆಗ ನಾನೇ ಕೂತು ಯೋಚಿಸಿದೆ. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಸಾಮಾನ್ಯವಾಗಿ ಮೊದಲು ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ, ಮಿಸ್ಸಿಂಗ್ ಬರುತ್ತದೆ, ಆಮೇಲೆ ಸಾಯುತ್ತದೆ. ನನ್ನದು ಫಟ್ ಅಂತ ನಿಲ್ಲುತ್ತಿತ್ತು. ಅಂದರೆ ಕರೆಂಟಿನ ಕಡೆಯದೇ ತೊಂದರೆ ಇರಬೇಕು. ಬಿಸಿಯಾದಾಗ ನಿಂತು ಆರಿದ ಮೇಲೆ ಸ್ಟಾರ್ಟ್ ಆಗುತ್ತದೆ ಅಂದರೆ ಯಾರೇ ಆದರೂ ಮೊದಲು ಹೇಳುವುದು ಕ್ರ್ಯಾಂಕ್ ಸೆನ್ಸರ್, ಅಂದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್, ಕೆಟ್ಟಿದೆ ಅಂತ. ಎಷ್ಟೋ ಹಳೆಯ ಗಾಡಿಗಳಲ್ಲಿ ಅದು ನಿಜವೂ ಹೌದು. ನಾನೂ ಅದನ್ನೇ ತರಿಸುವವನಿದ್ದೆ.

ತಡೆದದ್ದು ನನ್ನ ಮಗಳು. ಬಾಳ್ಳುಪೇಟೆ ಹತ್ತಿರ ಗಾಡಿ ನಿಂತಿತ್ತು, ನಾನು ಸೆಲ್ಫ್ ಹೊಡೆಯುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದವಳು, 'ಅಪ್ಪಾ, ಕೀ ಹಾಕಿದಾಗ ಒಂದು ಹಳದಿ ಲೈಟ್ ಬರುತ್ತಲ್ವಾ, ಈಗ ಬರ್ತಾನೇ ಇಲ್ಲ' ಅಂದಳು. ನೋಡಿದರೆ ಹೌದು. ಬ್ಯಾಟರಿ ಲೈಟ್ ಇತ್ತು, ಆಯಿಲ್ ಲೈಟ್ ಇತ್ತು, ಚೆಕ್ ಎಂಜಿನ್ ಲೈಟ್ ಮಾತ್ರ ಇರಲಿಲ್ಲ. ಕೀ ಹಾಕಿದಾಗ ಹಿಂದಿನ ಸೀಟಿನ ಕೆಳಗಿಂದ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನುತ್ತದೆ, ಆ ಸದ್ದೂ ಇರಲಿಲ್ಲ.

ಆ ಹಳದಿ ಲೈಟನ್ನು ಹೊತ್ತಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಕ್ರ್ಯಾಂಕ್ ಸೆನ್ಸರ್ ಸತ್ತಿದ್ದರೆ ಇಸಿಯು ಜೀವಂತ ಇರುತ್ತದೆ, ಕೀ ಹಾಕಿದ ಕೂಡಲೇ ಲೈಟ್ ಬರಬೇಕು. ಲೈಟೂ ಇಲ್ಲ, ಪಂಪ್ ಸದ್ದೂ ಇಲ್ಲ ಅಂದರೆ ಇಸಿಯುಗೇ ಕರೆಂಟ್ ಬರುತ್ತಿಲ್ಲ. ಇಸಿಯು ಬರೆದಿಡುವ ದೋಷದ ಕೋಡ್ ಯಾಕೆ ಸಿಗುತ್ತಿರಲಿಲ್ಲ ಅನ್ನುವುದೂ ಆಗ ಅರ್ಥವಾಯಿತು. ನನ್ನ ಗಾಡಿಗೆ ಈಗಿನ ಸ್ಕ್ಯಾನರ್ ಕೂರುವುದಿಲ್ಲ, ಡಯಾಗ್ನೋಸಿಸ್ ಕನೆಕ್ಟರ್‌ನಲ್ಲಿ ಎರಡು ಪಿನ್ ಸೇರಿಸಿ ಲೈಟ್ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸಬೇಕು. ಎಷ್ಟು ಸಲ ಎಣಿಸಿದರೂ ದೋಷ ಇಲ್ಲ ಅಂತಲೇ ಬರುತ್ತಿತ್ತು. ಕರೆಂಟೇ ಇಲ್ಲದಾಗ ಇಸಿಯು ಯಾವ ತಪ್ಪನ್ನೂ ಬರೆದಿಟ್ಟುಕೊಳ್ಳಲಾರದು.

ಇನ್ನು ಊಹೆ ಸಾಕು, ಗಾಡಿ ಸಾಯುವ ಕ್ಷಣದಲ್ಲೇ ಹಿಡಿಯಬೇಕು ಅಂತ ತೀರ್ಮಾನಿಸಿದೆ. ಡ್ಯಾಶ್‌ಬೋರ್ಡ್‌ಗೆ ಹಾಕುವ ಸಣ್ಣ 12 ವೋಲ್ಟ್ ಬಲ್ಬ್ ಮೂರು ತಂದೆ. ಒಂದರ ವೈರನ್ನು ಕೀಯಿಂದ ಬರುವ ಇಗ್ನಿಷನ್ ಫ್ಯೂಸಿಗೆ, ಇನ್ನೊಂದನ್ನು ಮೇನ್ ರಿಲೇಯಿಂದ (ಇಸಿಯುಗೆ ಕರೆಂಟ್ ಹಾಯಿಸುವ ಸ್ವಿಚ್) ಹೊರಗೆ ಹೋಗುವ ವೈರಿಗೆ, ಮೂರನೆಯದನ್ನು ಪಂಪಿನ ವೈರಿಗೆ ಕೊಟ್ಟು, ಮೂರನ್ನೂ ಸ್ಪೀಡೋಮೀಟರ್ ಪಕ್ಕ ಅಂಟಿಸಿದೆ. ಪ್ರತಿ ವೈರಿಗೂ ಶುರುವಿನಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿದ್ದೆ, ಇದನ್ನು ಬಿಡಬೇಡಿ, ವೈರ್ ಎಲ್ಲಾದರೂ ಗಾಡಿಯ ಲೋಹಕ್ಕೆ ಉಜ್ಜಿ ತಾಗಿದರೆ ಬೆಂಕಿ ಹತ್ತುತ್ತದೆ. ಎಲ್‌ಇಡಿ ಬೇಡ, ಮಾಮೂಲಿ ಬಲ್ಬೇ ಇರಲಿ. ವೋಲ್ಟೇಜ್ ಇಳಿದರೆ ಬಲ್ಬ್ ಮಂಕಾಗುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ನನ್ನ ಇಡೀ ಹುಡುಕಾಟಕ್ಕೆ ದಾರಿ ಕೊಟ್ಟದ್ದು ಅದೇ.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೇ ದಿನ ನಿಂತಿತು. ನಾನು ರಸ್ತೆ ನೋಡುತ್ತಿದ್ದೆ, ಬಲ್ಬ್ ನೋಡುವ ಕೆಲಸ ಮಗಳದ್ದು. 'ಮೊದಲನೇದು ಹಾಗೇ ಇದೆ. ಎರಡನೇದು, ಮೂರನೇದು ಆಗ್ಲೇ ಸ್ವಲ್ಪ ಮಂಕಾಗಿದ್ವು, ಈಗ ಪೂರ್ತಿ ಹೋದ್ವು' ಅಂದಳು. ಕೀ ಸ್ವಿಚ್ ಸರಿ ಇದೆ, ಮೇನ್ ರಿಲೇಯಿಂದ ಮುಂದಕ್ಕೆ ಕರೆಂಟ್ ಇಲ್ಲ.

ಖುಷಿಯಲ್ಲಿ ಹೊಸ ರಿಲೇ ತಂದು ಚುಚ್ಚಿದೆ. ಮೂರು ವಾರ ಆರಾಮ. ಆಮೇಲೆ ಮತ್ತೆ ನಿಂತಿತು. ಅವತ್ತು ನಿಜಕ್ಕೂ ಬೇಜಾರಾಯಿತು, ಗುಜರಿಗೆ ಹಾಕಿಬಿಡೋಣ ಅನ್ನುವಷ್ಟು.

ರಾತ್ರಿ ಮಗಳ ಮಾತು ಮತ್ತೆ ನೆನಪಾಯಿತು. ಆಗ್ಲೇ ಮಂಕಾಗಿದ್ವು ಅಂದಿದ್ದಳಲ್ಲ, ನಾನು ಅದನ್ನು ಸರಿಯಾಗಿ ಕೇಳಿಸಿಕೊಂಡಿರಲೇ ಇಲ್ಲ. ರಿಲೇ ಒಳಗಿನ ಕಾಯಿಲ್ ಕೆಟ್ಟಿದ್ದರೆ ಬಲ್ಬ್ ಒಂದೇ ಸಲಕ್ಕೆ ಆರಬೇಕು. ಮಂಕಾಗಿ ಆಮೇಲೆ ಆರಿತು ಅಂದರೆ ದಾರಿಯಲ್ಲಿ ಎಲ್ಲೋ ಕರೆಂಟಿಗೆ ತಡೆ ಬೆಳೆಯುತ್ತಿದೆ.

ಭಾನುವಾರ ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ ಬಿಟ್ಟೆ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ಕಡ್ಡಿಯನ್ನು ರಿಲೇಯಿಂದ ಹೊರಡುವ ವೈರಿನ ಮೇಲೆ ಹಿಡಿದೆ. ಹೀಗೆ ಹಿಡಿದಾಗ ಮೀಟರ್ ತೋರಿಸುವುದು ಮಧ್ಯದಲ್ಲಿ ಕಳೆದುಹೋದ ವೋಲ್ಟೇಜನ್ನು. ತಣ್ಣಗಿದ್ದಾಗ 0.3 ಇತ್ತು. ಅರ್ಧ ಗಂಟೆಗೆ 0.9. ಒಂದು ಗಂಟೆ ಹತ್ತಿರ ಬಂದಾಗ 1.4, ಅದೂ ನಿಲ್ಲದೆ ಕುಣಿಯುತ್ತಿತ್ತು. ರಿಲೇ ಕೂರುವ ಸಾಕೆಟ್‌ಗೆ ಒಳಬರುವ ವೈರಿನ ತನಕ ಅಳೆದರೆ 0.1 ಮಾತ್ರ. ಉಳಿದದ್ದೆಲ್ಲ ಹೋಗುತ್ತಿದ್ದದ್ದು ಸಾಕೆಟ್ ಮತ್ತು ರಿಲೇ ನಡುವೆ, ರಿಲೇ ಅಂತೂ ಹೊಸದು.

ಬ್ಯಾಟರಿಯ ಮೈನಸ್ ಬಿಚ್ಚಿ, ಸಾಕೆಟ್ ತಿರುಗಿಸಿ ನೋಡಿದೆ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ರಿಲೇಯ ಪಿನ್ನನ್ನು ಗಟ್ಟಿಯಾಗಿ ಹಿಡಿಯಬೇಕಾದ ಹಿತ್ತಾಳೆ ಟರ್ಮಿನಲ್ ಬಾಯಿ ಬಿಟ್ಟುಕೊಂಡಿತ್ತು. ಇಪ್ಪತ್ತು ವರ್ಷ ಬಿಸಿಗೆ, ಅದುರಾಟಕ್ಕೆ ಸಿಕ್ಕರೆ ಯಾವ ಲೋಹ ತಾನೇ ಬಿಗಿ ಉಳಿಸಿಕೊಳ್ಳುತ್ತದೆ. ಲೂಸ್ ಆದ ಕಡೆ ತಡೆ ಜಾಸ್ತಿ, ತಡೆ ಇದ್ದಲ್ಲಿ ಬಿಸಿ, ಬಿಸಿಯಾದರೆ ಟರ್ಮಿನಲ್ಲಿನ ಹಿಡಿತ ಇನ್ನೂ ಸಡಿಲ. ಆ ದಾರಿಯಲ್ಲಿ 7 ಆಂಪಿಯರ್ ಹರಿದರೂ 1.4 ವೋಲ್ಟ್ ನಷ್ಟಕ್ಕೆ ಸುಮಾರು 10 ವ್ಯಾಟ್ ಶಾಖ ಹುಟ್ಟುತ್ತದೆ. ಎರಡು ನಂಬರ್ ಪ್ಲೇಟ್ ಬಲ್ಬ್‌ಗಳ ಬಿಸಿ, ಉಗುರಿನಷ್ಟು ಜಾಗದಲ್ಲಿ. ಹೀಗೆ ಬಿಸಿ, ತಡೆ ಎರಡೂ ಬೆಳೆದು ಗಾಡಿ ನಿಲ್ಲುವಷ್ಟಾಗಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು.

ಹಳೇ ಪ್ರಶ್ನೆಗೂ ಅಲ್ಲೇ ಉತ್ತರವಿತ್ತು. ಪ್ರತಿ ರಿಪೇರಿಯಲ್ಲೂ ಯಾರಾದರೂ ಆ ರಿಲೇಯನ್ನು ಕಿತ್ತು ಮತ್ತೆ ಚುಚ್ಚಿರುತ್ತಾರೆ. ಚುಚ್ಚುವಾಗ ಪಿನ್ ಮೇಲಿನ ಕಪ್ಪು ಉಜ್ಜಿಹೋಗಿ ಕೆಲವು ವಾರ ಸಂಪರ್ಕ ಚೆನ್ನಾಗಿರುತ್ತಿತ್ತು. ನಾವು ಮಾತ್ರ ಪಂಪ್ ಹಾಕಿದ್ದಕ್ಕೆ, ಕಾಯಿಲ್ ಹಾಕಿದ್ದಕ್ಕೆ ಸರಿಹೋಯಿತು ಅಂದುಕೊಳ್ಳುತ್ತಿದ್ದೆವು. ನಾನು ಹಾಕಿದ ಹೊಸ ರಿಲೇಯ ಕಥೆಯೂ ಅಷ್ಟೇ.

ಕೆಲವರು ಆ ಟರ್ಮಿನಲನ್ನು ಪ್ಲೈಯರ್‌ನಲ್ಲಿ ಒತ್ತಿ ಬಿಗಿ ಮಾಡುತ್ತಾರೆ. ನನ್ನ ಪ್ರಕಾರ ಅದು ಬೇಡ. ಒಮ್ಮೆ ಬಿಸಿಯಲ್ಲಿ ಬೆಂದ ಹಿತ್ತಾಳೆಗೆ ಮತ್ತೆ ಸ್ಪ್ರಿಂಗಿನ ಬಿಗಿ ಬರುವುದಿಲ್ಲ, ತಿಂಗಳಲ್ಲಿ ಅದೇ ಜಾಗಕ್ಕೆ ಬರುತ್ತದೆ. ನಾನು ಬೇರೆ ರಿಲೇ ಹೋಲ್ಡರ್ ತಂದು, ಬೆಂದ ವೈರಿನ ತುದಿ ಕತ್ತರಿಸಿ, ಒಳಗಿನ ತಾಮ್ರ ಹೊಳೆಯುವ ಕಡೆಯಿಂದ ಹೊಸ ಟರ್ಮಿನಲ್ ಕ್ರಿಂಪ್ ಮಾಡಿದೆ, ಅಂದರೆ ವೈರಿನ ಮೇಲೆ ಒತ್ತಿ ಬಿಗಿದೆ. ವೈರ್ ತಿರುಚಿ ಟೇಪ್ ಸುತ್ತುವ ಕೆಲಸ ಇಲ್ಲಿ ನಡೆಯುವುದಿಲ್ಲ. ಪ್ರತಿ ಟರ್ಮಿನಲ್‌ಗೂ ಹಳೇ ರಿಲೇಯ ಪಿನ್ ಒಂದನ್ನು ತೂರಿಸಿ ಎಳೆದು ನೋಡಿದೆ, ಬಿಗಿಯಾಗಿ ಹಿಡಿದುಕೊಳ್ಳಬೇಕು, ಸಲೀಸಾಗಿ ಜಾರಿ ಬಂದರೆ ಅದನ್ನು ಬಳಸಬೇಡಿ. ಎಲ್ಲಾ ಸೇರಿ ಮುನ್ನೂರು ರೂಪಾಯಿ ಆಗಲಿಲ್ಲ.

ಆಮೇಲೆ ಒಂದು ಮಳೆಗಾಲ ಮುಗಿಯಿತು. ಮೊನ್ನೆ ಸಕಲೇಶಪುರ ತಲುಪಿದ ಕೂಡಲೇ, ಎಂಜಿನ್ ಇನ್ನೂ ಓಡುತ್ತಿರುವಾಗ, ಮಗಳೇ ಮೀಟರ್ ಹಿಡಿದು ಅಳೆದಳು. 0.12. ಬಲ್ಬ್‌ಗಳನ್ನು ಬಿಚ್ಚಿ, ವೈರ್ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.